ಲಾರಿಯ ಗಂಟಲಲ್ಲಿ ಸಿಕ್ಕಿದ್ದು

ಹಳೆಯ ಲಾರಿ ಇಟ್ಟುಕೊಂಡವರು ಜನರ ಪರಿಚಯ ಮಾಡಿಕೊಳ್ಳಲು ಬೇರೆ ಪ್ರಯತ್ನ ಪಡಬೇಕಾಗಿಲ್ಲ. ಅದು ನಿಂತಲ್ಲೆಲ್ಲ ನಾಲ್ಕು ಜನ ಸೇರುತ್ತಾರೆ, ಹೊರಡುವಷ್ಟರಲ್ಲಿ ಸಂಬಂಧಿಕರಾಗಿರುತ್ತಾರೆ. ಅಂಕೋಲಾದಿಂದ ಕಾರವಾರದವರೆಗಿನ ಹೆದ್ದಾರಿಯಲ್ಲಿ ನನ್ನನ್ನು ಹೆಸರಿನಿಂದ ಬಲ್ಲವರು ಕಡಿಮೆ, ‘ಆ ನಿಂತ ಲಾರಿಯವರು’ ಎಂದರೆ ಬಲ್ಲವರು ಬಹಳ. ಇಂಥವು ನಮಗೆ ಆಗುತ್ತಲೇ ಇರುತ್ತವೆ. ಆದರೆ ಈ ಬೇಸಿಗೆಯಲ್ಲಿ ಆದದ್ದಕ್ಕೆ ಒಂದು ಗಡುವು ಕೂಡ ಇತ್ತು.

ಲಾರಿ ಮಾವನವರು ಕೊಂಡಿದ್ದು. ಹದಿನೆಂಟು ವರ್ಷ ಹಳೆಯದು. ನನ್ನ ಗಂಡನಿಗೆ ಕದ್ರಾದ ವಿದ್ಯುತ್ ಕೇಂದ್ರದಲ್ಲಿ ನೌಕರಿ. ವಾರದ ಕೊನೆಗೆ ಮನೆಗೆ ಬಂದು, ಲಾರಿಯನ್ನು ನೋಡಿ, ನಿಟ್ಟುಸಿರು ಬಿಟ್ಟು ಹೋಗುತ್ತಾರೆ. ಹೀಗಾಗಿ ಅದು ನನ್ನ ಕೈಗೆ ಬಂತು. ಬಿ.ಎಸ್ಸಿ. ಓದಿ ಎರಡು ವರ್ಷ ಶಾಲೆಯಲ್ಲಿ ಪಾಠ ಹೇಳಿದವಳು ಈಗ ಚಿರೆಕಲ್ಲು, ಹಂಚು, ಗೊಬ್ಬರ ಸಾಗಿಸುತ್ತೇನೆ. ಚೆನ್ನಾಗಿಯೇ ಸಾಗಿಸುತ್ತೇನೆ. ಓಡಿಸುವವನು ಶೆಟಗೇರಿಯ ಡ್ರೈವರ್. ಐವತ್ತೆಂಟು ವಯಸ್ಸು, ಮೊದಲ ದಿನದಿಂದ ಇದೊಂದೇ ಗಾಡಿ. ನಾನು ಶಾಲೆ ಬಿಟ್ಟು ಹದಿನೈದು ವರ್ಷವಾದರೂ ಅವನಿಗೆ ನಾನು ಇನ್ನೂ ಅಕ್ಕೋರು, ಅಂದರೆ ನಮ್ಮ ಕಡೆಯ ಟೀಚರಮ್ಮ.

ಏಪ್ರಿಲ್‌ನಲ್ಲಿ ಲಾರಿಯ ಎಫ್‌ಸಿ ಮುಗಿಯುವುದಿತ್ತು. ಎಫ್‌ಸಿ ಎಂದರೆ ಗಾಡಿ ರಸ್ತೆಯ ಮೇಲೆ ಓಡಲು ಯೋಗ್ಯ ಎಂದು ಸರ್ಕಾರ ಪರೀಕ್ಷೆ ಮಾಡಿ ಕೊಡುವ ಪತ್ರ. ಈ ಸಲ ಪಾಸಾದರೆ ಇಟ್ಟುಕೊಳ್ಳೋಣ, ಫೇಲಾದರೆ ಗುಜರಿಗೆ ಕೊಡೋಣ, ಹುಬ್ಬಳ್ಳಿಯವನಿಗೆ ಹೇಳಿಟ್ಟಿದ್ದೇನೆ ಎಂದು ಗಂಡ ಊಟ ಮಾಡುತ್ತ ಹೇಳಿದರು. ಜಗುಲಿಯಲ್ಲಿದ್ದ ಡ್ರೈವರಿಗೆ ಅದು ಕೇಳಿಸಿತು. ಎದ್ದುಹೋಗಿ, ಆಗಲೇ ಸ್ವಚ್ಛವಾಗಿದ್ದ ಗಾಜನ್ನು ಇನ್ನೊಮ್ಮೆ ಒರೆಸಿದ. ಆಮೇಲೆ ನನ್ನ ಹತ್ತಿರ ಬಂದು, “ಬೇರೆ ಗಾಡಿ ನಂಗೆ ಒಗ್ಗೂದಿಲ್ಲ ಅಕ್ಕೋರೆ” ಅಂದ. ಪಾಸಾಗುತ್ತದೆ ಅಂದೆ. ಎಷ್ಟು ಧೈರ್ಯವಾಗಿ ಅಂದೆನೆಂದರೆ ನನಗೇ ನಂಬಿಕೆ ಬಂತು.

ಮರುದಿನದಿಂದಲೇ ಲಾರಿ ನಿಲ್ಲಲು ಶುರುವಾಯಿತು.

ಎರಡು ಬನ್ಸು

ಅದರ ಕಾಯಿಲೆ ವಿಚಿತ್ರವಾಗಿತ್ತು. ಏಳೆಂಟು ಕಿಲೋಮೀಟರ್ ಚೆನ್ನಾಗಿ ಓಡುವುದು, ಎರಡು ಸಲ ಕೆಮ್ಮುವುದು, ನಿಂತುಬಿಡುವುದು. ಹತ್ತು ನಿಮಿಷ ಸುಮ್ಮನೆ ಬಿಟ್ಟರೆ ತಾನಾಗಿಯೇ ಗುಣವಾಗಿ ಮತ್ತೆ ಹೊರಡುವುದು. ಇದನ್ನು ಡ್ರೈವರ್ ಬಂದು ಹೇಳಿದಾಗ ನಾನು ನಂಬಲಿಲ್ಲ. ಯಾಕೆಂದರೆ ಅವನು ಹೇಳಿದ ಜಾಗಗಳನ್ನು ಲೆಕ್ಕ ಹಾಕಿದರೆ, ಅವರ್ಸಾದಲ್ಲಿ ನಿಂತದ್ದು ಚಹಾದಂಗಡಿಯ ಎದುರು, ಅಮದಳ್ಳಿಯಲ್ಲಿ ನಿಂತದ್ದು ಚಹಾದಂಗಡಿಯ ಎದುರು, ಬಿಣಗಾದಲ್ಲಿ ನಿಂತದ್ದು ಮಿಸಳ್ ಸಿಗುವ ಹೋಟೆಲಿನ ಎದುರು. ಇಂಜಿನ್ನಿಗೆ ಇಷ್ಟು ರುಚಿ ಗೊತ್ತಿರುವುದು ಸಾಧ್ಯವಿಲ್ಲ ಎಂದು ನಾನೇ ಪಕ್ಕದ ಸೀಟಿನಲ್ಲಿ ಕೂತು ಹೊರಟೆ.

ದಾರಿಯುದ್ದಕ್ಕೂ ಅವನ ಕಾಲಿನ ಮೇಲೆ ಕಣ್ಣಿಟ್ಟೆ. ಆ್ಯಕ್ಸಿಲೇಟರಿನಿಂದ ಕಾಲು ತೆಗೆದರೆ ಅಲ್ಲೇ ಹಿಡಿಯಬೇಕು ಎಂದು. ಅವನಿಗೂ ಅದು ಗೊತ್ತಾಗಿ ಕಾಲನ್ನು ಫೋಟೋಕ್ಕೆ ಇಟ್ಟ ಹಾಗೆ ಇಟ್ಟುಕೊಂಡಿದ್ದ. ಅವರ್ಸಾ ಬಂತು. ಲಾರಿ ಎರಡು ಸಲ ಕೆಮ್ಮಿತು. ಉರುಳುತ್ತ ಹೋಗಿ ಅಂಗಡಿಯ ಎದುರಿಗೇ, ಅಳತೆ ಹಿಡಿದ ಹಾಗೆ, ನಿಂತಿತು. ಡ್ರೈವರ್ ಎರಡೂ ಕೈ ಮೇಲೆತ್ತಿ ತೋರಿಸಿದ. ತಾನು ಏನನ್ನೂ ಮುಟ್ಟಿಲ್ಲ ಎಂಬ ಅರ್ಥದಲ್ಲಿ.

ನಾನು ಇಳಿಯುವ ಮೊದಲೇ ಅಂಗಡಿಯ ಹೆಂಗಸು ತಟ್ಟೆಯಲ್ಲಿ ಎರಡು ಬನ್ಸು, ಎರಡು ಚಹಾ ಹಿಡಿದು ಬಂದಳು. ಕೆಮ್ಮು ಕೇಳಿಸಿದ ಕೂಡಲೇ ಪಾತ್ರೆ ಒಲೆಯ ಮೇಲಿಡುತ್ತಾಳಂತೆ. ಇವತ್ತು ಕಿಟಕಿಯಲ್ಲಿ ಎರಡು ತಲೆ ಕಂಡಿತು, ಎರಡು ತಂದೆ ಅಂದಳು. ನಾನು ಮರ್ಯಾದೆಗೆ, ಇನ್ನು ನಿಮಗೆ ಈ ತೊಂದರೆ ಇಲ್ಲ, ನಾಳೆಯೇ ರಿಪೇರಿ ಮಾಡಿಸುತ್ತೇವೆ ಅಂದೆ. ಅವಳ ಮುಖ ಸಣ್ಣದಾಯಿತು.

“ಅವಸರ ಎಂತಕ್ಕೆ ಅಕ್ಕ? ಮಳೆಗಾಲ ಬರ್ಲಿ. ನಾ ಇವ್ರನ್ನೇ ನಂಬ್ಕೊಂಡು ದಿನಾ ಹಿಟ್ಟು ಜಾಸ್ತಿ ಕಲ್ಸೂದು.”

ಮೀನಿನ ಬುಟ್ಟಿಯ ತೀರ್ಪು

ಅದೇ ಪ್ರಯಾಣದಲ್ಲಿ ಅಮದಳ್ಳಿಯಿಂದ ಒಬ್ಬಳು ಮೀನು ಮಾರುವ ಹೆಂಗಸು ಹತ್ತಿದಳು. ಕಾರವಾರದ ಮಾರ್ಕೆಟ್ಟಿಗೆ ಹೋಗಬೇಕು, ಬಸ್ಸಿನವನು ಬುಟ್ಟಿ ಹತ್ತಿಸಿಕೊಳ್ಳಲಿಲ್ಲ ಎಂದು. ಬುಟ್ಟಿಯನ್ನು ಹಿಂದೆ ಹಂಚಿನ ಮೇಲಿಟ್ಟು ನನ್ನ ಪಕ್ಕ ಕೂತಳು. ಬಿಣಗಾದ ಏರು ಅರ್ಧ ಹತ್ತುವಾಗ ಲಾರಿ ಕೆಮ್ಮಿತು.

ಏರಿನಲ್ಲಿ ನಿಂತ ಲಾರಿಗೆ ವೈದ್ಯರು ಬೇಗ ಸಿಗುತ್ತಾರೆ. ಬೈಕ್ ನಿಲ್ಲಿಸಿದ ಒಬ್ಬ ಬ್ಯಾಟರಿ ಅಂದ. ನಿವೃತ್ತರೊಬ್ಬರು ಕೊಡೆಯ ತುದಿಯಿಂದ ಟೈರು ಕುಟ್ಟಿ ನೋಡಿ ಗೇರ್‌ಬಾಕ್ಸ್ ಅಂದರು. ಇನ್ನೊಬ್ಬ ತನ್ನ ಭಾವನ ಟೆಂಪೊ ಹೀಗೇ ಮಾಡಿ ಕೊನೆಗೆ ಏನಾಯಿತೆಂದು ಹೇಳತೊಡಗಿ, ಭಾವನ ಮದುವೆಯವರೆಗೆ ಹೋದ. ಡ್ರೈವರ್ ಎಲ್ಲರಿಗೂ ತಲೆ ಆಡಿಸಿದ. ಅವನ ಮಟ್ಟಿಗೆ ದೋಷ ಲಾರಿಯದ್ದಲ್ಲ, ಡೀಸೆಲ್ಲಿನದು. ಈಗಿನ ಡೀಸೆಲ್ಲಿಗೆ ಮೊದಲಿನ ಸತ್ವ ಇಲ್ಲ.

ಮೀನಿನ ಹೆಂಗಸು ಎಲೆಯಡಿಕೆ ಜಗಿಯುತ್ತ ಕೇಳಿಸಿಕೊಂಡಳು. ಆಮೇಲೆ, ಇದರ ಗಂಟಲಲ್ಲಿ ಏನೋ ಸಿಕ್ಕಿದೆ, ಫಿಲ್ಟರ್ ಬಿಚ್ಚಿ ನೋಡಿ, ನನ್ನ ತಮ್ಮನ ಬೋಟು ಹೀಗೇ ಮಾಡುತ್ತಿತ್ತು ಅಂದಳು. ಡ್ರೈವರಿಗೆ ಅವಮಾನವಾಯಿತು. ಪುಕ್ಕಟೆ ಕೂತು ಬಂದವಳು ತನ್ನ ಗಾಡಿಗೆ ಔಷಧ ಹೇಳುವುದೇ? ನೀರಲ್ಲಿರುವ ಬೋಟೇ ಬೇರೆ, ನೆಲದಲ್ಲಿರುವ ಲಾರಿಯೇ ಬೇರೆ ಎಂದ.

ಅಷ್ಟರಲ್ಲಿ ಒಂದು ಟೆಂಪೊ ಬಂತು. ಅವಳು ಬುಟ್ಟಿಯನ್ನು ಅದಕ್ಕೆ ದಾಟಿಸಿ, ತಾನೂ ಹತ್ತಿ ಕೂತು, ಹೊರಡುವಾಗ ತಿರುಗಿ ನೋಡಿದಳು.

“ಹೌದು, ಬೇರೇನೇ. ನೀರಲ್ಲಿದ್ದದ್ದು ಹೋಗ್ತದೆ. ನಿಂದು ನೆಲದ ಮೇಲಿದ್ರೂ ಹೋಗೂದಿಲ್ಲ.”

ಬಿಸಿನೀರಿನ ಚೀಲ

ಪರೀಕ್ಷೆಗೆ ಎಂಟು ದಿನ ಉಳಿದಿತ್ತು. ಬಿಣಗಾದ ಗ್ಯಾರೇಜಿನ ಮೇಸ್ತ್ರಿಯನ್ನು ಮನೆಗೇ ಕರೆಸಿದೆ. ಅವನ ಮನೆಮಾತು ಕೊಂಕಣಿ. ಕೆಲಸದ ಮಾತು ಒಂದೇ, ‘ಜಾತಾ’. ಅಂದರೆ ಆಗುತ್ತದೆ. ಏನು ಕೇಳಿದರೂ ಜಾತಾ. ಬೋಲ್ಟ್ ಬಿಚ್ಚುವ ಪಾನಾ ಮುರಿದು ಅರ್ಧ ಅವನ ಕೈಯಲ್ಲಿ, ಅರ್ಧ ನಮ್ಮ ದಾಸವಾಳದ ಬುಡದಲ್ಲಿ ಬಿದ್ದಾಗಲೂ ಅವನು ಅಂದದ್ದು ಜಾತಾ.

ಡೀಸೆಲ್ ಫಿಲ್ಟರನ್ನು ಹಿಡಿದಿಟ್ಟ ಬೋಲ್ಟ್ ಒಂದಿದೆ. ಸಮುದ್ರದ ಗಾಳಿಗೆ ಅದು ತುಕ್ಕು ಹಿಡಿದು, ಬೋಲ್ಟ್ ಯಾವುದು ಫಿಲ್ಟರ್ ಯಾವುದು ತಿಳಿಯದಷ್ಟು ಒಂದಾಗಿತ್ತು. ಸೀಮೆಎಣ್ಣೆ ಬಿಟ್ಟರು. ಸುತ್ತಿಗೆಯಿಂದ ಬಡಿದರು. ಎರಡನೆಯ ಪಾನಾಕ್ಕೆ ಉದ್ದ ಕೊಳವೆ ಸಿಗಿಸಿ ಮೇಸ್ತ್ರಿಯೂ ಡ್ರೈವರೂ ಜೋತುಬಿದ್ದರು. ಲಾರಿ ಅಲ್ಲಾಡಿತು. ಬೋಲ್ಟ್ ಅಲ್ಲಾಡಲಿಲ್ಲ.

ಓದಿದವಳು ಸುಮ್ಮನಿರಬಾರದು ಎಂದು ನಾನು, ಲೋಹ ಬಿಸಿಯಾದರೆ ಹಿಗ್ಗುತ್ತದೆ, ಸ್ವಲ್ಪ ಬೆಂಕಿ ತೋರಿಸಿದರೆ ಹೇಗೆ ಅಂದೆ. ಮೇಸ್ತ್ರಿ ನನ್ನನ್ನು ನೋಡಿದ. ಫಿಲ್ಟರಿನಿಂದ ತೊಟ್ಟಿಕ್ಕುತ್ತಿದ್ದ ಡೀಸೆಲ್ ನೋಡಿದ. ನಂತರ ಡ್ರೈವರಿನ ಕಡೆ ತಿರುಗಿ ಮೆಲ್ಲಗೆ, ಅಕ್ಕೋರು ಶಾಲೆಯಲ್ಲಿ ಯಾವ ವಿಷಯ ಕಲಿಸುತ್ತಿದ್ದರು ಎಂದು ಕೇಳಿದ. ವಿಜ್ಞಾನ ಎಂದು ಡ್ರೈವರ್ ಹೇಳಿದ. ಮೇಸ್ತ್ರಿ ನನ್ನ ವಿದ್ಯಾರ್ಥಿಗಳ ಬಗ್ಗೆ ಕನಿಕರದಿಂದ ಒಂದು ನಿಮಿಷ ಸುಮ್ಮನಿದ್ದ.

ಜಗುಲಿಯಲ್ಲಿ ನನ್ನ ಅತ್ತೆ ಮೊಣಕಾಲಿಗೆ ಬಿಸಿನೀರಿನ ರಬ್ಬರ್ ಚೀಲ ಇಟ್ಟುಕೊಂಡು ಎಲ್ಲವನ್ನೂ ನೋಡುತ್ತಿದ್ದರು. ಎದ್ದು, ಕುಂಟುತ್ತ ಬಂದು, ಚೀಲಕ್ಕೆ ಹೊಸದಾಗಿ ಕುದಿನೀರು ತುಂಬಿಸಿ, ಅದನ್ನು ಬೋಲ್ಟಿನ ಮೇಲಿಟ್ಟು, ತಮ್ಮದೇ ಹಳೆಯ ಸೀರೆಯ ತುಂಡಿನಿಂದ ಕಟ್ಟಿದರು. ಯಾರೂ ಮುಟ್ಟಬೇಡಿ ಅಂದರು. ಇಬ್ಬರು ಗಂಡಸರು ಅರ್ಧ ಗಂಟೆ ಕೈಕಟ್ಟಿ ನಿಂತರು. ಅತ್ತೆ ನಡುನಡುವೆ ಬಂದು, ಜ್ವರ ನೋಡುವ ಹಾಗೆ ಕೈ ಇಟ್ಟು ನೋಡಿ ಹೋದರು. ಎರಡು ಸಲ ನೀರು ಬದಲಾಯಿಸಿ, ಈಗ ತಿರುಗಿಸು ಅಂದರು.

ಟಕ್ ಎಂದು ಶಬ್ದವಾಗಿ ಬೋಲ್ಟ್ ಬಂತು.

ಮೇಸ್ತ್ರಿ ಬೆವರು ಒರೆಸಿಕೊಂಡು, ನಾನು ಮೊದಲೇ ಸಡಿಲ ಮಾಡಿಟ್ಟಿದ್ದೆ ಎಂದ. ಅತ್ತೆ ಚೀಲವನ್ನು ಮತ್ತೆ ಮೊಣಕಾಲಿಗೆ ಇಟ್ಟುಕೊಳ್ಳುತ್ತ ಅವನನ್ನು ನೋಡಿದರು.

“ಹೌದಾ? ಹಾಗಾದ್ರೆ ನನ್ನ ಕಾಲಿಗೂ ಒಂದು ಪಾನಾ ಹಾಕಿ ಸಡ್ಲ ಮಾಡು ಮಾರಾಯ. ಚೀಲಕ್ಕೆ ಇದು ಬಗ್ಗೂದಿಲ್ಲ.”

ತಾಜಾ ಮುಚ್ಚಳ

ಫಿಲ್ಟರಿನ ಒಳಗೆ ಕಂದು ಬಣ್ಣದ ರಾಡಿ ಇತ್ತು, ಅದರಲ್ಲಿ ಕೂದಲಿನಂಥ ಎಳೆಗಳು. ಹೊಸ ಫಿಲ್ಟರ್ ಹಾಕಿದೆವು. ಎರಡು ದಿನ ಲಾರಿ ಓಡಿತು, ಮೂರನೆಯ ದಿನ ಕೆಮ್ಮಿತು. ಬಿಚ್ಚಿದರೆ ಅದೇ ರಾಡಿ, ಅದೇ ಕೂದಲು. ಡ್ರೈವರಿಗೆ ಸಂತೋಷವೋ ದುಃಖವೋ ತಿಳಿಯದ ಸ್ಥಿತಿ. ನಾನು ಹೇಳಿರಲಿಲ್ಲವೇ, ಡೀಸೆಲ್ಲಿನಲ್ಲೇ ಕಸ, ಎಲ್ಲಿಂದ ತರುತ್ತಾರೋ ಏನು ಬೆರೆಸುತ್ತಾರೋ ಎಂದು ಒಂದು ಭಾಷಣವನ್ನೇ ಮಾಡಿದ. ಕೊನೆಯಲ್ಲಿ ದೇಶದ ಸ್ಥಿತಿಯನ್ನೂ ಮುಟ್ಟಿದ.

ಮೇಸ್ತ್ರಿ ಒಂದು ಎಳೆಯನ್ನು ಬೆರಳಿನಲ್ಲಿ ಎತ್ತಿ ಬಿಸಿಲಿಗೆ ಹಿಡಿದ. ಎಳೆದು ನೋಡಿದ. ಮೂಸಿದ. ಏನೂ ಹೇಳದೆ ಎದ್ದು ಲಾರಿಯ ಮಗ್ಗುಲಿಗೆ ನಡೆದ. ನಾನೂ ಹಿಂದೆ ಹೋದೆ. ಡೀಸೆಲ್ ಟ್ಯಾಂಕಿನ ಬಾಯಿಯಲ್ಲಿ ಮುಚ್ಚಳ ಇರಬೇಕಾದಲ್ಲಿ ಒಂದು ತೆಂಗಿನಸಿಪ್ಪೆ ಇತ್ತು. ಸುಂದರವಾಗಿ ಕೆತ್ತಿ, ದುಂಡಗೆ ಮಾಡಿ, ಬಿಗಿಯಾಗಿ ಬಡಿದು ಕೂರಿಸಿದ ಸಿಪ್ಪೆ.

ಮುಚ್ಚಳ ಎಲ್ಲಿ ಎಂದು ಡ್ರೈವರನ್ನು ಕೇಳಿದೆ. ಅದು ಹೋದ ಮಳೆಗಾಲದಲ್ಲೇ ಎಲ್ಲೋ ಬಿದ್ದುಹೋಯಿತು, ಅಷ್ಟು ಸಣ್ಣ ವಿಷಯ ಅಕ್ಕೋರಿಗೆ ಯಾಕೆ ಎಂದು ಹೇಳಲಿಲ್ಲ ಅಂದ. ಅವನ ದನಿಯಲ್ಲಿ ತಪ್ಪಿನ ಸುಳಿವಿರಲಿಲ್ಲ, ಬದಲಿಗೆ ಸ್ವಲ್ಪ ಹೆಮ್ಮೆ ಇತ್ತು. ನಮ್ಮ ಕಡೆ ಬಾಯಿರುವ ಯಾವುದನ್ನೇ ಆಗಲಿ, ಕೊಡವಿರಲಿ ಡಬ್ಬಿಯಿರಲಿ, ಸಿಪ್ಪೆಯಿಂದ ಮುಚ್ಚುವುದು ರೂಢಿ. ಮಳೆ ನೀರು ಒಂದು ಹನಿ ಒಳಗೆ ಹೋಗಿಲ್ಲ ಎಂದ. ಅದು ನಿಜ. ನೀರೇನೂ ಹೋಗಿರಲಿಲ್ಲ. ಪ್ರತಿ ಸಲ ಡೀಸೆಲ್ ಹಾಕಿಸುವಾಗ ಕೀಳುವುದು, ಮತ್ತೆ ಬಡಿದು ಕೂರಿಸುವುದು. ಪ್ರತಿ ಬಡಿತಕ್ಕೂ ಒಂದು ಚಿಟಿಕೆ ನಾರು ಒಳಗೆ ಉದುರುವುದು. ಇಂಜಿನ್ ಎಳೆದಾಗ ನಾರು ಪೈಪಿನ ಬಾಯಿಗೆ ಬಂದು ಕೂರುವುದು, ನಿಂತಾಗ ಬಿಟ್ಟುಹೋಗುವುದು. ಹತ್ತು ನಿಮಿಷದ ವಿಶ್ರಾಂತಿಯ ಗುಟ್ಟು ಅದು.

ಹಳೆಯ ಸಿಪ್ಪೆಯನ್ನೇ ಎಂಟು ತಿಂಗಳಿಂದ ಇಟ್ಟುಕೊಂಡಿದ್ದೆಯಾ ಎಂದು ಮೇಸ್ತ್ರಿ ಕೇಳಿದಾಗ ಡ್ರೈವರಿಗೆ ನಿಜಕ್ಕೂ ಬೇಸರವಾಯಿತು. ಇಷ್ಟು ಹೊತ್ತಿನಲ್ಲಿ ಅವನ ಮನಸ್ಸಿಗೆ ನಾಟಿದ ಮಾತು ಅದೊಂದೇ.

“ನಾ ಅಷ್ಟು ಹೊಲಸು ಮನುಷ್ಯ ಅಲ್ಲ. ಪ್ರತಿ ಅಮಾಸೆಗೆ ತಾಜಾ ಹಾಕ್ತೆ.”

ಊದುವವರು

ಟ್ಯಾಂಕನ್ನು ಖಾಲಿ ಮಾಡಿ ತೊಳೆದರು. ಅದರಿಂದ ತೆಗೆದ ನಾರಿನಲ್ಲಿ ಒಂದು ಬಾವಿಹಗ್ಗ ಹೊಸೆಯಬಹುದಿತ್ತು. ಹೊಸ ಮುಚ್ಚಳವನ್ನು ನಾನೇ ಕಾರವಾರಕ್ಕೆ ಹೋಗಿ ತಂದೆ. ಇನ್ನು ಉಳಿದದ್ದು ಟ್ಯಾಂಕಿನಿಂದ ಫಿಲ್ಟರಿನವರೆಗೆ ಲಾರಿಯ ಹೊಟ್ಟೆಯ ಕೆಳಗೆ ಹೋಗುವ ಪೈಪು. ಅದರ ನಡುವೆ ಎಲ್ಲೋ ನಾರಿನ ಉಂಡೆ ಗಟ್ಟಿಯಾಗಿ ಕೂತಿತ್ತು. ಪರೀಕ್ಷೆಗೆ ಎರಡು ದಿನ. ಡ್ರೈವರ್ ಆಗಲೇ ಎರಡು ದಿನದಿಂದ ಸರಿಯಾಗಿ ಊಟ ಮಾಡಿರಲಿಲ್ಲ. ಅತ್ತೆ ಬಡಿಸಿದ ಕಡುಬಿಗೆ ಬೇಡ ಅಂದದ್ದು ನಾನು ಮೊದಲ ಸಲ ನೋಡಿದ್ದು.

ಸೈಕಲ್ ಪಂಪು ಹೊಂದಲಿಲ್ಲ. ಹಾಗಾಗಿ ಬಾಯಿಂದಲೇ ಊದಿ ತೆಗೆಯುವುದು ಎಂದಾಯಿತು. ಮೇಸ್ತ್ರಿ ಫಿಲ್ಟರಿನ ತುದಿಗೆ ಹೋದ. ಡ್ರೈವರ್ ಟ್ಯಾಂಕಿನ ತುದಿಯಲ್ಲಿ ಕೂತು ಉಂಡೆ ಬಂತೋ ಇಲ್ಲವೋ ನೋಡಬೇಕು. ಒಬ್ಬರಿಗೊಬ್ಬರು ಕಾಣುವುದಿಲ್ಲ, ನಡುವೆ ಚಕ್ರ. ಮೇಸ್ತ್ರಿ ಊದಿದ. ಬಂತಾ ಎಂದ. ಇಲ್ಲ ಎಂದ ಡ್ರೈವರ್. ಮತ್ತೆ ಊದಿದ. ಇಲ್ಲ. ನಾನು ಕೋಕಂ ಶರಬತ್ತು ತರಲು ಒಳಗೆ ಹೋದೆ.

ಹತ್ತು ನಿಮಿಷ ಬಿಟ್ಟು ಬರುವಾಗ ಮೇಸ್ತ್ರಿಯ ಮುಖ ಕೆಂಪಾಗಿತ್ತು. ಇಪ್ಪತ್ತೈದು ವರ್ಷದಲ್ಲಿ ಇಂಥ ಗಟ್ಟಿ ಉಂಡೆ ಕಂಡಿಲ್ಲ, ನಾನು ಒಳಗೆ ಊದಿದರೆ ಅದು ತಿರುಗಿ ನನ್ನನ್ನೇ ಊದುತ್ತದೆ ಅಂದ. ಜೀವನದಲ್ಲಿ ಮೊದಲ ಬಾರಿಗೆ ಅವನು ಜಾತಾ ಅನ್ನಲಿಲ್ಲ. ನಾನು ಲೋಟ ಹಿಡಿದು ಆಚೆ ಬದಿಗೆ ಹೋದೆ. ಅಲ್ಲಿ ಡ್ರೈವರ್ ಮಂಡಿಯೂರಿ, ಪೈಪಿನ ಆ ತುದಿಯನ್ನು ಬಾಯಿಗಿಟ್ಟುಕೊಂಡು, ಕೆನ್ನೆ ಉಬ್ಬಿಸಿ, ತನ್ನ ಇಡೀ ಆಯುಷ್ಯವನ್ನು ಅದರೊಳಗೆ ಊದುತ್ತಿದ್ದ. ಪಾಪ, ಮೇಸ್ತ್ರಿಗೆ ಸಹಾಯ ಆಗಲಿ ಎಂದು.

ನಾನು ಕೂಡಲೇ ಹೇಳಬೇಕಿತ್ತು. ಒಂದೆರಡು ನಿಮಿಷ ಹೇಳಲಿಲ್ಲ. ಸಮಾನ ಬಲಗಳು ಎದುರುಬದುರಾದರೆ ಏನಾಗುತ್ತದೆ ಎಂದು ಎರಡು ವರ್ಷ ಕಪ್ಪುಹಲಗೆಯ ಮೇಲೆ ಬಾಣ ಬರೆದು ಕಲಿಸಿದವಳು. ಇಷ್ಟು ಸ್ಪಷ್ಟವಾಗಿ ನನಗೇ ಅರ್ಥವಾದದ್ದು ಅವತ್ತು. ಆಮೇಲೆ ಡ್ರೈವರಿಗೆ, ನೀವು ಸ್ವಲ್ಪ ನಿಲ್ಲಿಸಿ ಅಂದೆ. ಯಾಕೆ ಎಂದು ಕೇಳಲು ಅವನು ಪೈಪಿನಿಂದ ಬಾಯಿ ತೆಗೆದ. ಆಚೆಯಿಂದ ಮೇಸ್ತ್ರಿ ಊದುತ್ತಲೇ ಇದ್ದ.

ಉಂಡೆ ಬಂತು. ಅದರ ಹಿಂದಿದ್ದ ಡೀಸೆಲ್ಲೂ ಬಂತು. ಡ್ರೈವರ್ ಮುಖದಿಂದ ನಾರು ಕೀಳುತ್ತ, ಉಗುಳುತ್ತ ಕೂತಿದ್ದಾಗ ಚಕ್ರದ ಆಚೆಯಿಂದ ಮೇಸ್ತ್ರಿಯ ಸಂತೃಪ್ತ ದನಿ ಕೇಳಿತು.

“ನನ್ನ ಶ್ವಾಸ ಎಂದ್ರೆ ಎಂತ ಅಂದ್ಕೊಂಡ್ರಿ?”

ಪರೀಕ್ಷೆ

ಪರೀಕ್ಷೆಯ ದಿನ ಡ್ರೈವರ್ ಇಸ್ತ್ರಿ ಮಾಡಿದ ಖಾಕಿ ಹಾಕಿ ಬಂದ. ಲಾರಿ ಅಂಕೋಲಾದಿಂದ ಕಾರವಾರದವರೆಗೆ ಒಂದೇ ಒಂದು ಸಲ ಕೆಮ್ಮಲಿಲ್ಲ. ಆರ್‌ಟಿಒ ಮೈದಾನದಲ್ಲಿ ಏಳೆಂಟು ಲಾರಿಗಳ ಸಾಲು. ನಮ್ಮ ಸರದಿ ಬರುವವರೆಗೂ ಇಂಜಿನ್ ಆರಿಸುವುದು ಬೇಡ, ಇಷ್ಟು ಚೆನ್ನಾಗಿ ಓಡುತ್ತಿರುವುದನ್ನು ಯಾಕೆ ಕೆಣಕಬೇಕು ಎಂದು ಇಬ್ಬರೂ ಮಾತಾಡಿಕೊಂಡೆವು.

ಇನ್ಸ್‌ಪೆಕ್ಟರ್ ಕಡಿಮೆ ಮಾತಿನ ಮನುಷ್ಯ. ದೀಪ ನೋಡಿದರು, ಹಾರ್ನ್ ಕೇಳಿದರು, ವೈಪರ್ ಓಡಿಸಿದರು, ಹೊಗೆ ನೋಡಿದರು. ಒಂದೊಂದಕ್ಕೂ ಹಾಳೆಯ ಮೇಲೆ ಗುರುತು ಹಾಕಿದರು. ನಾನು ದೂರದಿಂದಲೇ ಗುರುತು ಎಣಿಸಿದೆ. ಎಲ್ಲ ಸರಿ. ಡ್ರೈವರ್ ಸ್ಟೀಯರಿಂಗಿನ ಹಿಂದೆ ದೇವರ ಪಲ್ಲಕ್ಕಿಯಲ್ಲಿ ಕೂತ ಹಾಗೆ ಕೂತಿದ್ದ.

ಕೊನೆಗೆ ಇನ್ಸ್‌ಪೆಕ್ಟರ್, ಇಂಜಿನ್ ಬಂದ್ ಮಾಡಿ, ಚಾಸಿ ನಂಬರ್ ನೋಡಬೇಕು ಅಂದರು.

ಇಂಥ ಹಳೆಯ ಡೀಸೆಲ್ ಲಾರಿ ಕೀಲಿ ತಿರುಗಿಸಿದರೆ ನಿಲ್ಲುವುದಿಲ್ಲ. ಕ್ಯಾಬಿನ್ನಿನಲ್ಲಿ ಒಂದು ಹಿಡಿ ಇರುತ್ತದೆ. ಅದನ್ನು ಎಳೆದರೆ ತಂತಿಯೊಂದು ಡೀಸೆಲ್ ತಡೆದು ಇಂಜಿನ್ ನಿಲ್ಲಿಸುತ್ತದೆ. ಡ್ರೈವರ್ ಹಿಡಿ ಎಳೆದ. ಇಂಜಿನ್ ನಿಲ್ಲಲಿಲ್ಲ. ಎರಡೂ ಕೈಯಿಂದ ಎಳೆದ. ಹಿಡಿಯೇ, ಒಂದು ಗೇಣು ತಂತಿಯ ಸಮೇತ, ಅವನ ಕೈಗೆ ಬಂತು. ಇಂಜಿನ್ ಹಿಂದೆಂದೂ ಇಲ್ಲದ ಆರೋಗ್ಯದಿಂದ ಓಡುತ್ತಿತ್ತು.

ಬಂದ್ ಮಾಡಿ ಎಂದು ಇನ್ಸ್‌ಪೆಕ್ಟರ್ ಇನ್ನೊಮ್ಮೆ ಅಂದರು. ಡ್ರೈವರ್ ಹಿಡಿಯನ್ನು ಕಿಟಕಿಯಿಂದ ಹೊರಗೆ ಹಿಡಿದು ತೋರಿಸಿದ. ಅವನು ಸುಳ್ಳು ಹೇಳುವ ಮನುಷ್ಯನಲ್ಲ. ಅವತ್ತು ಒಂದು ದಿನ ಹೇಳಿದ್ದರೂ ನಾನು ಬೇಡ ಅನ್ನುತ್ತಿರಲಿಲ್ಲ.

“ಸಾಹೇಬ್ರೆ, ಮೂರು ವಾರದಿಂದ ಇದು ತಾನಾಗೇ ನಿಲ್ತಿತ್ತು. ನಾ ನಿಲ್ಸೂ ಪ್ರಸಂಗವೇ ಬರ್ಲಿಲ್ಲ. ತಂತಿ ಒಳಗೇ ತುಕ್ಕು ಹಿಡ್ದುಹೋಗಿದೆ.”

ಮೇಸ್ತ್ರಿ ರಿಪೇರಿ ಮಾಡುವಾಗ ಇಂಜಿನ್ನಿನೊಳಗೆ ಎಲ್ಲೋ ಬೆರಳಿಟ್ಟು ಆರಿಸುತ್ತಿದ್ದ. ಎಲ್ಲಿ ಎಂಬುದು ಅವನ ಬೆರಳಿಗೆ ಮಾತ್ರ ಗೊತ್ತು. ಹಿಂದಿನ ಲಾರಿಗಳವರು ಇಳಿದು ಬಂದು ಸುತ್ತ ನಿಂತರು. ನನ್ನ ಫೋನು ಬ್ಯಾಗಿನಲ್ಲಿ ಬಡಿಯತೊಡಗಿತು. ಗಂಡನದು ಎಂದು ನೋಡದೆಯೇ ಗೊತ್ತು. ಹುಬ್ಬಳ್ಳಿಯ ಗುಜರಿಯವನು ಬೆಳಿಗ್ಗೆಯಿಂದ ಅವರನ್ನು ಕೇಳುತ್ತಿದ್ದ. ಎತ್ತಲಿಲ್ಲ.

ಇನ್ಸ್‌ಪೆಕ್ಟರ್ ಹಾಳೆ ನೋಡಿದರು. ಒಂದೇ ಒಂದು ಗುರುತು ಬಾಕಿ ಇತ್ತು, ಬ್ರೇಕಿನದು. ಅವರು ಎಲ್ಲರನ್ನೂ ಹಿಂದೆ ಸರಿಸಿ, ಬ್ರೇಕ್ ಪೂರ್ತಿ ಒತ್ತಿ, ನಾಲ್ಕನೆಯ ಗೇರಿಗೆ ಹಾಕಿ ಕ್ಲಚ್ ಬಿಡಿ ಅಂದರು. ಇಂಜಿನ್ ಮುಂದೆ ಹೋಗಲು ನೋಡುತ್ತದೆ, ಬ್ರೇಕ್ ಬಿಡುವುದಿಲ್ಲ. ಎರಡರಲ್ಲಿ ಯಾರು ಗೆಲ್ಲುತ್ತಾರೆ ನೋಡೋಣ ಎಂದು. ಡ್ರೈವರ್ ಕಣ್ಣು ಮುಚ್ಚಿಕೊಂಡು ಕ್ಲಚ್ ಬಿಟ್ಟ. ಲಾರಿ ಮೈಯೆಲ್ಲ ನಡುಗಿ, ಒಮ್ಮೆ ಜೋರಾಗಿ ಸೀನಿ, ನಿಂತಿತು. ಚಕ್ರ ಒಂದಿಂಚು ಕದಲಲಿಲ್ಲ. ಮೈದಾನದಲ್ಲಿ ಕಾಗೆ ಕೂಗುವುದು ಕೇಳಿಸಿತು.

ಇನ್ಸ್‌ಪೆಕ್ಟರ್ ಬಗ್ಗಿ ಚಕ್ರದ ಬುಡ ನೋಡಿದರು. ಇಷ್ಟು ಗಟ್ಟಿ ಬ್ರೇಕ್ ಇವತ್ತು ಬೆಳಿಗ್ಗೆಯಿಂದ ಯಾವ ಹೊಸ ಗಾಡಿಯಲ್ಲೂ ಕಾಣಲಿಲ್ಲ ಅಂದರು. ಚಾಸಿ ನಂಬರ್ ನೋಡಿಕೊಂಡರು. ಹೊಸ ತಂತಿ ಹಾಕಿಸಿ ಸಂಜೆಯೊಳಗೆ ತಂದು ತೋರಿಸಬೇಕು, ತಂತಿ ಹಾಕಿಸುವವರೆಗೆ ಇದನ್ನು ಚಾಲೂ ಮಾಡಿದರೆ ನೋಡಿ ಎಂದು ಡ್ರೈವರಿಗೆ ಬೆರಳು ತೋರಿಸಿ, ಕೊನೆಯ ಗುರುತು ಹಾಕಿ ಸಹಿ ಮಾಡಿದರು. ಡ್ರೈವರ್ ಇಳಿದು ಬಂದು ಹಾಳೆಯನ್ನು ಓದದೆ ಹಣೆಗೆ ಒತ್ತಿಕೊಂಡ. ಅವನ ಕಣ್ಣಲ್ಲಿ ನೀರಿತ್ತು. ಹೊಗೆ ಎಂದ.

ಆದರೆ ಲಾರಿ ನಿಂತದ್ದು ಸಾಲಿನ ನಟ್ಟನಡುವೆ. ಹಿಂದಿನವರು ಮುಂದೆ ಬರಬೇಕು. ಚಾಲೂ ಮಾಡುವ ಹಾಗಿಲ್ಲ. ಹೀಗಾಗಿ ಆ ಸಾಲಿನ ಡ್ರೈವರುಗಳೆಲ್ಲ ಇಳಿದು ಬಂದು ಹಿಂದೆ ಕೈ ಕೊಟ್ಟರು. ನಾನೂ ಸೆರಗು ಸೊಂಟಕ್ಕೆ ಸಿಕ್ಕಿಸಿ ಸೇರಿಕೊಂಡೆ. ಗೇಟಿನ ಹತ್ತಿರ ಬರುವಾಗ ಫೋನು ನಾಲ್ಕನೆಯ ಸಲ ಬಡಿಯಿತು. ಭುಜಕ್ಕೂ ಕಿವಿಗೂ ನಡುವೆ ಸಿಗಿಸಿಕೊಂಡೆ. ಗುಜರಿಯವನಿಗೆ ಏನು ಹೇಳಲಿ ಎಂದು ಗಂಡ ಕೇಳಿದರು. ಬರುವುದು ಬೇಡ ಅನ್ನಿ, ಪಾಸಾಯಿತು ಅಂದೆ. ಅವರು, ನಿಜಕ್ಕೂ ಓಡುತ್ತದೆಯಾ ಎಂದರು.

“ಓಡ್ತದೆ ಅಂತ ಸರ್ಕಾರವೇ ಬರೆದು ಕೊಟ್ಟಿದೆ. ಈಗ ಫೋನ್ ಇಡಿ, ನನಗೆ ಎರಡೂ ಕೈ ಬೇಕು. ನೂಕ್ತಾ ಇದ್ದೇನೆ.”